‘ನೋಡಿದರು’ ಅಂದರೆ ಏನನ್ನು ನೋಡಿದರು?

ಪ್ರಿಯ ಬರಹಗಾರರೆ,

ಪ್ರಾಕ್ಸಿಮಾ ಸೆಂಟಾರಿ ಬಿ ಗ್ರಹದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಆರಿಸಿಕೊಂಡ ವಿಷಯವೂ ಒಳ್ಳೆಯದು. ಆದರೆ ಒಂದು ಸಾಲು ಎರಡು ದಿನದಿಂದ ನನ್ನ ತಲೆಯಲ್ಲೇ ಕೂತಿದೆ.

‘2016ರಲ್ಲಿ ವಿಜ್ಞಾನಿಗಳು ದೂರದರ್ಶಕದಲ್ಲಿ ಭೂಮಿಯ ಅವಳಿಯನ್ನು ನೋಡಿದರು.’

ನೋಡಲಿಲ್ಲ. ಅವರು ನೋಡಿದ್ದು ಆ ಗ್ರಹ ಸುತ್ತುವ ನಕ್ಷತ್ರವನ್ನು, ಪ್ರಾಕ್ಸಿಮಾ ಸೆಂಟಾರಿಯನ್ನು. ಚಿಲಿಯ ಲಾ ಸಿಲ್ಲಾದ 3.6 ಮೀಟರ್ ದೂರದರ್ಶಕಕ್ಕೆ ಹಾರ್ಪ್ಸ್ ಎಂಬ ಉಪಕರಣ ಜೋಡಿಸಿದ್ದಾರೆ. ಅದು ನಕ್ಷತ್ರದ ಬೆಳಕನ್ನು ಬಣ್ಣದ ಪಟ್ಟಿಯಾಗಿ ಬಿಡಿಸುತ್ತದೆ. ಪಟ್ಟಿಯ ತುಂಬ ಸಾವಿರಾರು ಕಪ್ಪು ಗೆರೆಗಳು. ಗ್ರಹದ ಎಳೆತಕ್ಕೆ ನಕ್ಷತ್ರ ನಮ್ಮ ಕಡೆ ಬಂದಾಗ ಗೆರೆಗಳು ನೀಲಿಯತ್ತ ಸರಿಯುತ್ತವೆ, ದೂರ ಹೋದಾಗ ಕೆಂಪಿನತ್ತ. ಎಷ್ಟು ಸರಿಯುತ್ತವೆ ಗೊತ್ತಾ? ಒಂದು ಪಿಕ್ಸೆಲ್‌ನ ನೂರನೇ ಒಂದು ಪಾಲೂ ಇಲ್ಲ. ಆ ಓಲಾಟದ ವೇಗ ಗಂಟೆಗೆ ಸುಮಾರು 5 ಕಿಲೋಮೀಟರ್. ನಾವು ಅಂಗಡಿಗೆ ಹಾಲು ತರಲು ನಡೆದು ಹೋಗುವ ವೇಗ! ಅದನ್ನು 4.2 ಜ್ಯೋತಿರ್ವರ್ಷ ದೂರದಿಂದ ಅಳೆದಿದ್ದಾರೆ. ಇಷ್ಟನ್ನೂ ‘ನೋಡಿದರು’ ಅಂತ ಮುಗಿಸಿಬಿಟ್ಟರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು, ‘ಅವಳಿ’. ಗ್ರಹದ ತೂಕ ಭೂಮಿಯ 1.3 ಪಟ್ಟು ಅಂತ ಬರೆದಿದ್ದೀರಿ. ಕಕ್ಷೆ ನಮಗೆ ಎಷ್ಟು ಓರೆಯಾಗಿದೆ ಅಂತ ಈ ವಿಧಾನದಲ್ಲಿ ತಿಳಿಯುವುದಿಲ್ಲ. ಹಾಗಾಗಿ ಸಿಗುವುದು ‘ಕನಿಷ್ಠ ಇಷ್ಟು’ ಎಂಬ ಲೆಕ್ಕ ಮಾತ್ರ. ಆ ‘ಕನಿಷ್ಠ’ವನ್ನು ನೀವು ಬಿಟ್ಟಿದ್ದೀರಿ. ಜೊತೆಗೆ ಅಲ್ಲಿ ಒಂದು ವರ್ಷಕ್ಕೆ 11.2 ದಿನ. ಅದರ ನಕ್ಷತ್ರ ಸೂರ್ಯನ ಎಂಟನೇ ಒಂದು ಪಾಲು ತೂಕದ ಕೆಂಪು ಕುಬ್ಜ, ಅಂದರೆ ಚಿಕ್ಕ, ಮಂಕು ನಕ್ಷತ್ರ; ಅದು ಆಗಾಗ ಭುಗಿಲೇಳುತ್ತದೆ. ಇದು ಎಂಥ ಅವಳಿ? ಆದರೆ ನಕ್ಷತ್ರ ಅಷ್ಟು ಹಗುರ, ಗ್ರಹ ಅಷ್ಟು ಹತ್ತಿರ ಆಗಿದ್ದರಿಂದಲೇ ಓಲಾಟ ಸಿಕ್ಕಿತು. ನಮ್ಮ ಭೂಮಿ ಸೂರ್ಯನನ್ನು ಓಲಾಡಿಸುವುದು ಸೆಕೆಂಡಿಗೆ ಬರೀ 9 ಸೆಂಟಿಮೀಟರ್, ಅಂದರೆ ಗಂಟೆಗೆ ಸುಮಾರು 0.3 ಕಿಲೋಮೀಟರ್. ಈ ಹೋಲಿಕೆ ನಿಮ್ಮ ಲೇಖನದಲ್ಲಿ ಇರಬೇಕಿತ್ತು.

ನಾನು ಕೆಲಸ ಕಲಿಯುತ್ತಿದ್ದಾಗ, 2007ರಲ್ಲಿ, ಗ್ಲೀಸ್ 581 ಡಿ ಎಂಬ ಗ್ರಹದ ಬಗ್ಗೆ ಬರೆದಿದ್ದೆ. ಅದೂ ಕೆಂಪು ಕುಬ್ಜದ್ದೇ. ಹಿರಿಯ ಸಂಪಾದಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ‘ಕಂಡದ್ದು ಗ್ರಹವೋ, ಗೆರೆಯೋ?’ ಅಂತ ಬರೆದು ವಾಪಸ್ ಕೊಟ್ಟರು. ನನಗೆ ತುಂಬ ಬೇಜಾರಾಯಿತು. ಸುಮ್ನೆ ಕೊಂಕು ಅಂದುಕೊಂಡೆ. 2014ರಲ್ಲಿ ಹೊಸ ವಿಶ್ಲೇಷಣೆ ಬಂತು: ಆ ಗೆರೆಗಳ ಸರಿದಾಟಕ್ಕೆ ಕಾರಣ ಗ್ರಹವಲ್ಲ, ನಕ್ಷತ್ರದ ಮೈಮೇಲಿನ ಕಾಂತೀಯ ಚಟುವಟಿಕೆ. ಅವತ್ತು ಆ ಹಳೆಯ ಹಾಳೆ ಹುಡುಕಿ ತೆಗೆದೆ. ಈಗಲೂ ನನ್ನ ಡ್ರಾಯರ್‌ನಲ್ಲಿದೆ.

ಎರಡನೇ ಪ್ಯಾರಾವನ್ನು ಆ ಕಪ್ಪು ಗೆರೆಗಳಿಂದ ಶುರು ಮಾಡಿ ಮತ್ತೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.