ವಾಕಿಂಗ್ ಮಾಡಿದಷ್ಟೂ ತೂಕ ಏರುತ್ತಿತ್ತು: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಲಲಿತಾ, 41 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಪ್ರಾಥಮಿಕ ಶಾಲೆ ಟೀಚರ್. ಗಂಡನಿಗೆ ಬೀಜ-ಗೊಬ್ಬರದ ಅಂಗಡಿ. ಹೈಸ್ಕೂಲಿಗೆ ಹೋಗುವ ಮಗ, ಜೊತೆಗೆ ಅತ್ತೆ. 2022ರ ಮಳೆಗಾಲದಲ್ಲಿ ಲಲಿತಾಗೆ ಡೆಂಗಿ ಬಂತು. ಪ್ಲೇಟ್‌ಲೆಟ್ ಇಳಿದು ಆಸ್ಪತ್ರೆ ಸೇರಿದರು, ವಾಸಿಯಾಗಿ ಮನೆಗೂ ಬಂದರು. ಸುಸ್ತು ಮಾತ್ರ ಹೋಗಲಿಲ್ಲ. ರಾತ್ರಿಯೆಲ್ಲ ಮಲಗಿದರೂ ನಿದ್ದೆ ಮಾಡಿದ ಹಾಗಿಲ್ಲ. ಹಾಜರಿ ಕರೆಯುವಾಗ ದಿನಾ ನೋಡುವ ಮಕ್ಕಳ ಹೆಸರೇ ಮರೆತುಹೋಗುತ್ತಿತ್ತು. ಎರಡು ವರ್ಷ ಅಲೆದ ಮೇಲೆ ಒಬ್ಬ ಫಿಜಿಷಿಯನ್ ಇದು ಎಂಇ/ಸಿಎಫ್‌ಎಸ್ ಎಂದರು. ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರೂ ಇದಕ್ಕಿದೆ. ಹಲವರಲ್ಲಿ ಯಾವುದೋ ಸೋಂಕು ಬಂದುಹೋದ ಮೇಲೆ ಶುರುವಾಗುವ ಕಾಯಿಲೆ ಇದು.

ನನ್ನ ಹತ್ತಿರ ಬಂದಾಗ ಅವರು ಸುಸ್ತಿನ ಮಾತನ್ನೇ ಎತ್ತಲಿಲ್ಲ. "ಬಾಯಿ ಕಟ್ಟೋದು ಹೇಗೆ ಅಂತ ಹೇಳಿಕೊಡಿ ಮೇಡಂ. ನನಗೆ ಕಂಟ್ರೋಲ್ ಇಲ್ಲ" ಎಂದರು. ತೂಕ 71 ಕೆಜಿ ಆಗಿತ್ತು. ಹೊಟ್ಟೆ ಸದಾ ಉಬ್ಬರ. ನಾಲ್ಕು ದಿನ ಮಲಬದ್ಧತೆ, ಐದನೇ ದಿನ ಭೇದಿ.

ತೂಕದ ಕಥೆಯನ್ನು ಮೊದಲಿಂದ ಕೇಳಿದೆ. ಡೆಂಗಿಗೆ ಮುಂಚೆ 62 ಇತ್ತಂತೆ. ಆಮೇಲಿನ ಒಂದು ವರ್ಷದಲ್ಲಿ 55ಕ್ಕೆ ಇಳಿಯಿತು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ, ಗಂಟೆಗಟ್ಟಲೆ ಹಾಗೇ ಇರುತ್ತಿತ್ತು. ಅಡುಗೆ ಮಾಡಿ ಮುಗಿಸುವಷ್ಟರಲ್ಲಿ ಉಣ್ಣುವ ಶಕ್ತಿಯೇ ಉಳಿಯುತ್ತಿರಲಿಲ್ಲ. ಆ ವರ್ಷ ಮದುವೆ ಮನೆಗಳಲ್ಲಿ ನೆಂಟರೆಲ್ಲ ಕೇಳಿದ್ದು ಒಂದೇ: "ಎಷ್ಟು ಚೆನ್ನಾಗಿ ಇಳಿದಿದ್ದೀಯಲ್ಲೇ, ಏನು ಮಾಡಿದೆ?" ಪ್ರಯತ್ನವೇ ಪಡದೆ ಆರರಿಂದ ಹನ್ನೆರಡು ತಿಂಗಳಲ್ಲಿ ಮೈತೂಕದ ನೂರಕ್ಕೆ ಐದು ಭಾಗ ಇಳಿದರೆ ವೈದ್ಯರು ಅದನ್ನು ಹುಷಾರಾಗಿ ನೋಡುತ್ತಾರೆ. ಇವರಲ್ಲಿ ಅದರ ಎರಡರಷ್ಟು ಇಳಿದಿತ್ತು. ಯಾರಿಗೂ ಏನೂ ಅನ್ನಿಸಲಿಲ್ಲ. ಆಮೇಲೆ ತೂಕ ಏರತೊಡಗಿದಾಗ ಮಾತ್ರ ಮನೆಯಲ್ಲೂ ಶಾಲೆಯಲ್ಲೂ ಎಲ್ಲರೂ ಡಾಕ್ಟರಾದರು. ಜೀರಿಗೆ ನೀರು ಕುಡಿ, ರಾತ್ರಿ ಊಟ ಬಿಡು, ದಿನಾ ಹತ್ತು ಸಾವಿರ ಹೆಜ್ಜೆ ನಡಿ. ಲಲಿತಾ ಇಷ್ಟನ್ನೂ ಮಾಡಿದ್ದರು. ಮಾಡಿಯೂ ತೂಕ ಏರಿತ್ತು, ಅದಕ್ಕೇ ತಪ್ಪು ತನ್ನದೇ ಎಂದುಕೊಂಡಿದ್ದರು.

ಆಪ್ತಸಲಹೆಗಾರ್ತಿಯಾಗಿ ನಾನು ಮೊದಲು ನೋಡಬೇಕಿದ್ದದ್ದು ಎರಡು. ಒಂದು, ಖಿನ್ನತೆ ಇದೆಯಾ? "ನಾಳೆ ಬೆಳಗ್ಗೆ ಈ ಸುಸ್ತು ಹೋಗಿಬಿಟ್ಟರೆ ಏನು ಮಾಡ್ತೀರಿ?" ಎಂದು ಕೇಳಿದೆ. ತಡೆಯಿಲ್ಲದೆ ಹೇಳುತ್ತಾ ಹೋದರು. ಪ್ರತಿಭಾ ಕಾರಂಜಿಗೆ ಮಕ್ಕಳಿಗೆ ನಾಟಕ ಕಲಿಸಬೇಕು, ತವರಿಗೆ ಹೋಗಿ ಎರಡು ದಿನ ಇರಬೇಕು, ಅಟ್ಟ ಗುಡಿಸಬೇಕು. ಖಿನ್ನತೆಯಲ್ಲಿ ಸಾಮಾನ್ಯವಾಗಿ ಆಸೆಯೇ ಬತ್ತಿಹೋಗುತ್ತದೆ. ಇವರಿಗೆ ಆಸೆ ಬೇಕಾದಷ್ಟಿತ್ತು, ಮೈ ಕೇಳುತ್ತಿರಲಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು, ಹಾಗಾಗಿ ಪ್ರತಿ ಸಲವೂ ಆ ಕಡೆ ಒಂದು ಕಣ್ಣಿಟ್ಟಿದ್ದೆ.

ಇನ್ನೊಂದು ಕೇಳಲು ಸ್ವಲ್ಪ ಕಷ್ಟದ ಪ್ರಶ್ನೆ. "ಯಾರಿಗೂ ಕಾಣದ ಹಾಗೆ ತಿಂತೀರಾ? ತಿಂದದ್ದನ್ನ ವಾಂತಿ ಮಾಡ್ಕೋತೀರಾ?" ವಾಂತಿ ಇರಲಿಲ್ಲ. ಕದ್ದು ತಿನ್ನುವುದು ಇತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಲೈಟ್ ಹಾಕದೆ, ಮಂಡಕ್ಕಿ ಡಬ್ಬಿಯ ಮುಚ್ಚಳ ಸದ್ದಾಗದಂತೆ ತೆಗೆಯುತ್ತಿದ್ದರಂತೆ. ಇದನ್ನು ಹೇಳುವಾಗ ತುಂಬಾ ಅತ್ತರು. ಹಗಲೆಲ್ಲ ಹಸಿದಿದ್ದವರು ರಾತ್ರಿ ತಿನ್ನದೆ ಇನ್ನೇನು ಮಾಡುತ್ತಾರೆ? ಅವರಿಗೂ ಅದನ್ನೇ ಹೇಳಿದೆ.

ತೂಕ ನೋಡುವುದು ತಿಂಗಳಿಗೆ ಒಂದೇ ಸಲ ಸಾಕು ಎಂದು ಹೇಳಿ ಒಂದು ನೋಟ್‌ಬುಕ್ ಕೊಟ್ಟೆ. ಏನು ಮಾಡಿದಿರಿ, ಏನು ತಿಂದಿರಿ, ಮೈ ಹೇಗಿತ್ತು, ಇಷ್ಟೇ ಬರೆಯುವುದು. ಕ್ಯಾಲೊರಿ ಲೆಕ್ಕ ಬೇಡ. ಎರಡು ವಾರ ಬಿಟ್ಟು ಬಂದಾಗ ಅದರಲ್ಲಿ ಒಂದು ವಾರ ಹೀಗಿತ್ತು:

"ಭಾನುವಾರ: ಬೆಳಗ್ಗೆ ಇವರ ಜೊತೆ ಕಾಲೇಜು ಮೈದಾನದಲ್ಲಿ ಮುಕ್ಕಾಲು ಗಂಟೆ ವಾಕಿಂಗ್. ಖುಷಿಯಾಯ್ತು. ಸೋಮವಾರ: ಶಾಲೆ. ಪರವಾಗಿಲ್ಲ. ಮಂಗಳವಾರ: ಜ್ವರ ಬಂದ ಹಾಗೆ ಮೈಕೈ ನೋವು, ಗಂಟಲು ನೋವು. ರಜೆ. ಟೀ ಬಿಸ್ಕತ್ತು ಅಷ್ಟೇ. ಬುಧವಾರ: ಹಾಗೇ. ಟಾಯ್ಲೆಟ್ ಆಗಿಲ್ಲ. ರಾತ್ರಿ 11ಕ್ಕೆ ಮಂಡಕ್ಕಿ, ಬ್ರೆಡ್, ಮಗನ ಚಕ್ಕುಲಿ. ಗುರುವಾರ: ಉಪವಾಸ. ಶುಕ್ರವಾರ: ಹೊಟ್ಟೆ ಡೊಳ್ಳು."

ಅವರ ಪೂರ್ತಿ ಸಮಸ್ಯೆ ಈ ಆರು ಸಾಲಿನಲ್ಲೇ ಇತ್ತು. ಭಾನುವಾರದ ನಡಿಗೆಗೂ ಮಂಗಳವಾರದ ಜ್ವರಕ್ಕೂ ಸಂಬಂಧ ಇದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ, ನಡುವೆ ಒಂದು ಒಳ್ಳೆಯ ದಿನ ಇತ್ತಲ್ಲ! ಈ ಕಾಯಿಲೆಯ ಮುಖ್ಯ ಗುರುತೇ ಅದು. ಶ್ರಮಪಟ್ಟ 12ರಿಂದ 48 ಗಂಟೆ ಬಿಟ್ಟು ಮೈ ಕುಸಿಯುತ್ತದೆ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿ, ಈ ಕುಸಿತ ಇದ್ದರೆ ಮಾತ್ರ ಕಾಯಿಲೆಗೆ ಈ ಹೆಸರು ಎಂದಿತು. ಕುಸಿದ ದಿನ ಅಡುಗೆ ಆಗುವುದಿಲ್ಲ, ಕೈಗೆ ಸಿಕ್ಕಿದ್ದು ಬಿಸ್ಕತ್ತು. ನೀರು ಕಡಿಮೆ, ಓಡಾಟ ಇಲ್ಲ, ಕರುಳು ನಿಧಾನ. ಆಮೇಲೆ ರಾತ್ರಿಯ ಹಸಿವು. ತೂಕ ಇಳಿಸಲು ಮಾಡಿದ ವಾಕಿಂಗೇ ವಾರದ ಮೂರು ದಿನವನ್ನು ನುಂಗಿ ತೂಕ ಏರಿಸುತ್ತಿತ್ತು.

ಹಾಗಾಗಿ ನಾನು ಹೇಳಿದ ಕ್ರಮ ಹೀಗೆ: ಮೊದಲು ಕುಸಿತ ನಿಲ್ಲಬೇಕು, ಆಮೇಲೆ ಹೊಟ್ಟೆ ಸರಿಹೋಗಬೇಕು, ತೂಕದ ಮಾತು ಕೊನೆಗೆ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ.

ವಾಕಿಂಗ್ ನಿಲ್ಲಿಸಿ ಎಂದಾಗ ಗಂಡನಿಗೆ ಸಿಟ್ಟು ಬಂತು. "ಸುಮ್ನೆ ಕೂತರೆ ಇನ್ನೂ ದಪ್ಪ ಆಗ್ತಾಳೆ ಮೇಡಂ" ಎಂದು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಅವರ ಕಾಳಜಿ ನಿಜ, ವಿಡಿಯೋದಲ್ಲಿದ್ದದ್ದು ಹಳೆಯ ತಿಳಿವಳಿಕೆ. ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2007ರಲ್ಲಿ ಈ ಕಾಯಿಲೆಗೆ ಹಂತಹಂತವಾಗಿ ವ್ಯಾಯಾಮ ಹೆಚ್ಚಿಸಿ ಎಂದಿತ್ತು. 2021ರ ಹೊಸ ಮಾರ್ಗಸೂಚಿಯಲ್ಲಿ ಅದನ್ನು ಕೈಬಿಟ್ಟು, ಇರುವ ಶಕ್ತಿಯ ಮಿತಿಯೊಳಗೇ ಕೆಲಸ ಹಂಚಿಕೊಳ್ಳಿ ಎಂದಿತು. ಇದನ್ನು ಹೇಳಿ, ನೋಟ್‌ಬುಕ್ಕನ್ನು ಅವರ ಕೈಗೇ ಕೊಟ್ಟೆ. ಅಂಗಡಿ ಲೆಕ್ಕ ನೋಡಿ ರೂಢಿ ಇರುವ ಮನುಷ್ಯ, ಎರಡನೇ ಪುಟಕ್ಕೇ ಸುಮ್ಮನಾದರು. ಅವತ್ತಿನಿಂದ "ಸೋಮಾರಿ" ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ ಎಂದು ಲಲಿತಾ ಆಮೇಲೆ ಹೇಳಿದರು.

ಮೈದಾನದ ಬದಲು ಮನೆಯೊಳಗೇ ಐದು ನಿಮಿಷದ ಓಡಾಟ, ಅದೂ ಮಾರನೇ ದಿನ, ಅದರ ಮಾರನೇ ದಿನ ಮೈ ಸರಿಯಿದ್ದರೆ ಮಾತ್ರ. ಚೆನ್ನಾಗಿರುವ ದಿನ ಜಾಸ್ತಿ ಹುಷಾರಾಗಿರಬೇಕು, ಎಲ್ಲಾ ಕೆಲಸ ಮುಗಿಸಿಬಿಡೋಣ ಅನ್ನಿಸುವುದು ಅವತ್ತೇ.

ಅಡುಗೆಮನೆಯ ವಿಷಯ ಇನ್ನೂ ಸ್ವಲ್ಪ ಹೇಳಬೇಕು. ಅವರ ಕಡೆ ದಿನಾ ಜೋಳದ ರೊಟ್ಟಿ. ತಟ್ಟಲು ಒಲೆ ಮುಂದೆ ಮುಕ್ಕಾಲು ಗಂಟೆ ನಿಂತರೆ ತಲೆ ಸುತ್ತು, ಎದೆ ಡವಡವ. ಇದನ್ನು ಡಾಕ್ಟರಿಗೆ ಹೇಳಿ ಎಂದು ಕಳಿಸಿದೆ. ಅವರು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ, ನಾಡಿ ನೋಡಿದರು. ನಿಂತಾಗ ನಾಡಿ ತುಂಬಾ ಏರುತ್ತಿತ್ತು. ಈ ಕಾಯಿಲೆಯಲ್ಲಿ ಅದು ಹಲವರಿಗೆ ಇರುತ್ತದೆ. ಒಮ್ಮೆಲೇ ತಟ್ಟೆ ತುಂಬಾ ಅನ್ನ ಉಂಡರೆ ರಕ್ತ ಹೊಟ್ಟೆಯ ಕಡೆ ಹರಿದು ಇನ್ನಷ್ಟು ತಲೆ ಹಗುರಾಗುತ್ತದೆ. ನೀರು, ಉಪ್ಪು ಎಷ್ಟು ಎಂದು ಡಾಕ್ಟರೇ ಹೇಳಿದರು. ಬಿಪಿ ಇರುವವರು ಉಪ್ಪನ್ನು ಸ್ವಂತ ಬುದ್ಧಿಯಿಂದ ಹೆಚ್ಚಿಸಬಾರದು. ನನ್ನ ಪಾಲಿನ ಸಲಹೆ ಸಣ್ಣದು: ಅಡುಗೆಕಟ್ಟೆಯ ಎತ್ತರಕ್ಕೆ ಸರಿಹೊಂದುವ ಒಂದು ಸ್ಟೂಲ್ ತನ್ನಿ, ತರಕಾರಿಯನ್ನು ಹಿಂದಿನ ಸಂಜೆ ಕೂತು ಹೆಚ್ಚಿಡಿ, ರೊಟ್ಟಿ ಕೊಂಡುಕೊಳ್ಳಿ. ಊರಲ್ಲಿ ಹೆಂಗಸರು ನಡೆಸುವ ಖಡಕ್ ರೊಟ್ಟಿ ಕೇಂದ್ರ ಇತ್ತು. ಸ್ಟೂಲ್ ಬಂತು. ಕೊಂಡ ರೊಟ್ಟಿ ಮನೆಯೊಳಗೆ ಬರಲು ತಿಂಗಳು ಹಿಡಿಯಿತು. "ಮನೇಲಿ ಹೆಂಗಸು ಇದ್ದೂ ಕೊಂಡು ತಿನ್ನೋದಾ?" ಹೀಗೆ ಕೇಳಿದ್ದು ಅತ್ತೆ ಅಲ್ಲ, ಲಲಿತಾನೇ.

ಅತ್ತೆಯ ಜೊತೆ ಮಾತಾಡಬೇಕಿದ್ದದ್ದು ಗುರುವಾರದ ಉಪವಾಸದ ಬಗ್ಗೆ. ಸೊಸೆಗೆ ಡೆಂಗಿ ಬಂದಾಗ ಹೊತ್ತ ಹರಕೆ ಅದು. ನಾನು ಬಿಡಿ ಎನ್ನಲಿಲ್ಲ. "ಅಮ್ಮಾ, ಇವರಿಗೆ ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕು ಅಂತ ಡಾಕ್ಟರು ಹೇಳಿದ್ದಾರೆ. ಹರಕೆಗೆ ಏನು ಮಾಡೋಣ ಅಂತ ನೀವೇ ಹೇಳಿ" ಎಂದೆ. ಅವರು ತುಸು ಹೊತ್ತು ಯೋಚಿಸಿ, "ಹೊತ್ತವಳು ನಾನು, ನಾನೇ ತೀರಿಸ್ತೀನಿ ಬಿಡಿ" ಎಂದರು. ಮೂರು ವರ್ಷದ ಗಂಟು ಮೂರು ನಿಮಿಷದಲ್ಲಿ ಬಿಚ್ಚಿತು.

ಇನ್ನು ಹೊಟ್ಟೆ. ಡಾಕ್ಟರು ಥೈರಾಯ್ಡ್, ರಕ್ತಹೀನತೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶದ ಅಳತೆ), ಬಿ12, ಶುಗರ್, ಸೀಲಿಯಾಕ್ ಪರೀಕ್ಷೆ ಮಾಡಿಸಿದರು. ಸೀಲಿಯಾಕ್ ಎಂದರೆ ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ. ಅದರ ಪರೀಕ್ಷೆಗೆ ಮುಂಚೆ ಗೋಧಿ ಬಿಡಬಾರದು, ಬಿಟ್ಟರೆ ಫಲಿತಾಂಶ ತಪ್ಪಾಗಿ ಬರಬಹುದು. ಫೆರಿಟಿನ್ ಕಡಿಮೆ ಇತ್ತು, ಉಳಿದದ್ದು ಸರಿಯಿತ್ತು. ಐಬಿಎಸ್ ಎಂದರು, ಅಂದರೆ ಹೊಟ್ಟೆನೋವು, ಉಬ್ಬರ, ಮಲದ ಏರುಪೇರು ಮತ್ತೆ ಮತ್ತೆ ಬರುವ ಕರುಳಿನ ತೊಂದರೆ. ದೀರ್ಘ ಸುಸ್ತಿನವರಲ್ಲಿ ಐಬಿಎಸ್ ಹೊಸತೇನಲ್ಲ.

ಮಾತ್ರೆಗಳ ಪಟ್ಟಿ ಬರೆದುಕೊಂಡು ಹೋಗಿ ಎಂದು ನಾನು ಒತ್ತಾಯ ಮಾಡಿದ್ದೆ. ನಿದ್ದೆಗೆ, ನೋವಿಗೆ ಎಂದು ಅಮಿಟ್ರಿಪ್ಟಿಲಿನ್ ಇತ್ತು. ಅದರಿಂದ ತೂಕವೂ ಏರಬಹುದು, ಮಲಬದ್ಧತೆಯೂ ಆಗಬಹುದು. ದಿನಾ ಕಬ್ಬಿಣದ ಮಾತ್ರೆ, ಅದೂ ಮಲ ಗಟ್ಟಿ ಮಾಡುತ್ತದೆ. ಡಾಕ್ಟರು ಮೊದಲನೆಯದರ ಪ್ರಮಾಣ ಇಳಿಸಿ, ಎರಡನೆಯದನ್ನು ದಿನ ಬಿಟ್ಟು ದಿನ ಮಾಡಿದರು. ಇಂಥ ಮಾತ್ರೆಗಳನ್ನು ಯಾರೂ ತಾವೇ ನಿಲ್ಲಿಸಬಾರದು.

ಮಾತಿನ ನಡುವೆ ಇನ್ನೊಂದು ವಿಷಯ ಹೊರಬಂತು. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಲಲಿತಾ ನೀರು ಕುಡಿಯುತ್ತಿರಲಿಲ್ಲ. ಶಾಲೆಯ ಟಾಯ್ಲೆಟ್‌ನಲ್ಲಿ ಚಿಲಕ ಇಲ್ಲ, ನೀರೂ ಬರುವುದಿಲ್ಲ. ಟೀಚರಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಡ್‌ಮಾಸ್ಟರ ಹತ್ತಿರ ಹೇಳಲು ನಾಚಿಕೆ. ಒಬ್ಬರೇ ಹೋಗದೆ ನಾಲ್ವರು ಟೀಚರುಗಳೂ ಸೇರಿ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೆ ಬರೆದುಕೊಡಿ ಎಂದೆ. ಚಿಲಕ ಬಂತು, ಬಕೆಟ್ ಬಂತು. ಬೆಳಗ್ಗೆ ಇಪ್ಪತ್ತು ನಿಮಿಷ ಮುಂಚೆ ಎದ್ದು, ಬಿಸಿನೀರು, ತಿಂಡಿ ಆದ ಮೇಲೆ ಆತುರವಿಲ್ಲದೆ ಟಾಯ್ಲೆಟ್ಟಿಗೆ ಕೂರುವುದು ಇನ್ನೊಂದು ಅಭ್ಯಾಸ. ಹೊಟ್ಟೆಗೆ ಏನಾದರೂ ಬಿದ್ದಾಗ, ಅದರಲ್ಲೂ ಬೆಳಗ್ಗೆ, ಕರುಳು ಚುರುಕಾಗುತ್ತದೆ.

ಊಟದ ಬದಲಾವಣೆಗೆ ಡಯಟೀಷಿಯನ್ ಹತ್ತಿರ ಕಳಿಸಿದೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಪದ್ಧತಿಯನ್ನು (ಕರುಳಿನಲ್ಲಿ ಹುದುಗಿ ಉಬ್ಬರ ತರುವ ಆಹಾರಗಳನ್ನು ಕೆಲವು ವಾರ ಬಿಟ್ಟು, ಒಂದೊಂದೇ ವಾಪಸ್ ತಂದು ನೋಡುವುದು) ಪೂರ್ತಿ ಪಾಲಿಸುವುದು ಇವರ ಶಕ್ತಿಗೆ ಮೀರಿದ್ದು. ಒಂದೇ ಮನೆಯಲ್ಲಿ ಎರಡು ಅಡುಗೆ ಮಾಡುವವರು ಯಾರು? ಡಯಟೀಷಿಯನ್ ಬರೀ ಈರುಳ್ಳಿ, ಬೆಳ್ಳುಳ್ಳಿ, ಹಾಲು ಮೂರನ್ನು ನಾಲ್ಕು ವಾರ ಬಿಡಿಸಿ, ಒಂದೊಂದೇ ವಾಪಸ್ ತಂದು ನೋಡಿದರು. ಹಾಲಿನಿಂದ ತೊಂದರೆ ಇರಲಿಲ್ಲ. ಕಷ್ಟ ಕೊಡುತ್ತಿದ್ದದ್ದು ರೊಟ್ಟಿಗೆ ಹಚ್ಚಿಕೊಳ್ಳುವ ಬೆಳ್ಳುಳ್ಳಿ ಖಾರ, ಹಸಿ ಈರುಳ್ಳಿ. ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಟ್ಟರೆ ಘಮ ಉಳಿಯುತ್ತದೆ, ಉಬ್ಬರ ತರುವ ಅಂಶ ಎಣ್ಣೆಗೆ ಬಿಡುವುದಿಲ್ಲ. ಜೊತೆಗೆ ಇಂಗಿನ ಒಗ್ಗರಣೆ. ಇಸಬ್ಗೋಲ್ ಅನ್ನು ಅರ್ಧ ಚಮಚದಿಂದ ಶುರುಮಾಡಿ, ದೊಡ್ಡ ಲೋಟ ನೀರಿನ ಜೊತೆ. ತಿಂಡಿಗೆ ಎರಡು ಮೊಟ್ಟೆ ಅಥವಾ ಹೆಸರುಬೇಳೆ ದೋಸೆ, ಕುಸಿದ ದಿನಕ್ಕೆಂದು ಫ್ರಿಜ್ಜಿನಲ್ಲಿ ಯಾವಾಗಲೂ ದೋಸೆ ಹಿಟ್ಟು, ಮೊಸರು, ಬಾಳೆಹಣ್ಣು. ಬಿಸ್ಕತ್ತಿನ ಡಬ್ಬಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಅದರ ಅಗತ್ಯ ತಾನಾಗೇ ಕಡಿಮೆಯಾಯಿತು.

ಈಗ ಐದು ತಿಂಗಳಾಗಿದೆ. ವಾರಕ್ಕೊಮ್ಮೆ ಆಗುತ್ತಿದ್ದ ಕುಸಿತ ತಿಂಗಳಿಗೆ ಒಂದೋ ಎರಡೋ. ಮೊದಲ ಮೂರು ತಿಂಗಳು ತೂಕ 71ರಲ್ಲೇ ನಿಂತಿತ್ತು. ಏರುವುದು ನಿಂತಿದ್ದೇ ದೊಡ್ಡದು ಎಂದು ಒಪ್ಪಿಸಲು ಕಷ್ಟಪಟ್ಟೆ. ಈಗ 69. ರಾತ್ರಿ ಕದ್ದು ತಿನ್ನುವುದು ನಿಂತಿದೆ, ಹಸಿವಾದರೆ ಲೈಟ್ ಹಾಕಿಕೊಂಡು ಕೂತು ತಿನ್ನುತ್ತಾರೆ. ಸುಸ್ತು ಇದೆ, ಹೋಗಿಲ್ಲ. ಪ್ರತಿಭಾ ಕಾರಂಜಿಯ ನಾಟಕ ಈ ವರ್ಷ ಬೇಡ ಎಂದು ಅವರೇ ನಿರ್ಧರಿಸಿದರು. ಅದಕ್ಕೂ ಒಂದು ಸಲ ಕೂತು ಅತ್ತಿದ್ದಾಯಿತು.

ಇದೇ ಪರಿಸ್ಥಿತಿಯಲ್ಲಿ ಇರುವವರು ಒಂದು ವಿಷಯ ಗಮನಿಸಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಕೆ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು ಅಥವಾ ಭೇದಿ, ನುಂಗಲು ಕಷ್ಟ, ನಿಲ್ಲದ ವಾಂತಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ಮಲದ ಏರುಪೇರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ, ಇವನ್ನು ಸುಸ್ತಿನ ಖಾತೆಗೆ ಬರೆಯಬೇಡಿ, ಡಾಕ್ಟರನ್ನು ನೋಡಿ. ತಿಂದದ್ದನ್ನು ವಾಂತಿ ಮಾಡಿಕೊಳ್ಳುವುದು, ದಿನಗಟ್ಟಲೆ ಉಪವಾಸ ಇರುವುದು, ಬದುಕೇ ಬೇಡ ಅನ್ನಿಸುವುದು ಇದ್ದರೆ ಮನೋವೈದ್ಯರ ಹತ್ತಿರ ಹೋಗಿ. ಹೋಗುವ ಮುಂಚೆ ಯಾರ ಜೊತೆಗಾದರೂ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.