ಸೊಂಟನೋವಿಗೆ ಕರೆಂಟ್ ಯಂತ್ರ ಕೊಳ್ಳಬಹುದೇ?

ಪ್ರಶ್ನೆ: ನಮ್ಮ ತಾಯಿಗೆ 56 ವರ್ಷ. ಎರಡು ವರ್ಷಗಳಿಂದ ಟೊಂಕನೋವು ಬಿಟ್ಟಿಲ್ಲ; ತೊಗರಿ ಕೊಯ್ಲಿನ ದಿನಗಳಲ್ಲಿ ಇನ್ನೂ ಹೆಚ್ಚುತ್ತದೆ. ಕಲಬುರಗಿಯಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಹತ್ತು ದಿನ ಕರೆಂಟ್ ಕೊಡಿಸಿಕೊಂಡಾಗ ಹಗುರಾಗಿತ್ತು, ಊರಿಗೆ ಬಂದ ಮೇಲೆ ಮತ್ತೆ ಶುರುವಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಎಡಪಾದ ಜೋಮು ಹಿಡಿಯುತ್ತದೆ. ಟೆನ್ಸ್ ಎಂಬ ಕರೆಂಟ್ ಯಂತ್ರವನ್ನು ಮನೆಗೇ ಒಯ್ದರೆ ನೋವು ವಾಸಿಯಾಗಿ ಸ್ನಾಯುಗಳೂ ಗಟ್ಟಿಯಾಗುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ. ಕೊಳ್ಳಬಹುದೇ?
— ಓದುಗರು, ಆಳಂದ ತಾಲ್ಲೂಕು

ಉತ್ತರ: ಯಂತ್ರಕ್ಕಿಂತ ಮೊದಲು ಪಾದದ ಜೋಮಿನ ಕಾರಣ ತಿಳಿಯಬೇಕು. ಸಕ್ಕರೆ ಕಾಯಿಲೆಯಿಂದಾಗುವ ನರಹಾನಿ ಸಾಮಾನ್ಯವಾಗಿ ಎರಡೂ ಪಾದಗಳಲ್ಲಿ ಕಾಣಿಸಿಕೊಳ್ಳುವುದರಿಂದ, ಒಂದೇ ಪಾದದ ಜೋಮನ್ನು ಅದರ ಲೆಕ್ಕಕ್ಕೆ ಹಾಕಿ ಸುಮ್ಮನಾಗುವಂತಿಲ್ಲ. ಸೊಂಟದಿಂದ ಕಾಲಿಗಿಳಿಯುವ ನರವನ್ನು ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಒತ್ತುತ್ತಿರಬಹುದು. ಮೂಳೆ ತಜ್ಞರಿಗೆ ತೋರಿಸಿ. ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಂತಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸಂಜೆಯ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವನ್ನೂ ಪರೀಕ್ಷಿಸಬೇಕಾಗುತ್ತದೆ.

ಇನ್ನು ಟೆನ್ಸ್. ಚರ್ಮಕ್ಕೆ ಅಂಟಿಸಿದ ಪ್ಯಾಡುಗಳ ಮೂಲಕ ಅದು ಸ್ಪರ್ಶದ ನರಗಳನ್ನು ಕೆರಳಿಸುತ್ತದೆ. ಆ ಸಂಕೇತಗಳು ಬೆನ್ನುಹುರಿಯಲ್ಲಿ ನೋವಿನ ಸಂಕೇತಗಳನ್ನು ತಡೆಯುತ್ತವೆ ಎಂಬುದು ಅದರ ಹಿಂದಿನ ತರ್ಕ. ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು 1965ರಲ್ಲಿ ಮಂಡಿಸಿದ ಸಿದ್ಧಾಂತವೇ ಇದಕ್ಕೆ ಆಧಾರ. ತರ್ಕ ಚೆನ್ನಾಗಿದೆ, ಆದರೆ ದೀರ್ಘಕಾಲದ ಸೊಂಟನೋವಿನಲ್ಲಿ ಫಲ ಅಷ್ಟು ಚೆನ್ನಾಗಿಲ್ಲ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿಯೇ ಸೊಂಟನೋವಿಗೆ ಟೆನ್ಸ್ ಆಗಲಿ, ನಮ್ಮ ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಕೊಡುವ ಐಎಫ್‌ಟಿ ಎಂಬ ಇನ್ನೊಂದು ಬಗೆಯ ಕರೆಂಟ್ ಚಿಕಿತ್ಸೆಯಾಗಲಿ ಬೇಡವೆಂದಿತು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯೂ ಟೆನ್ಸನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಹೇಳಿದೆ. ಹಾಗಾದರೆ ತಾಯಿಯವರಿಗೆ ಹಗುರಾದದ್ದು ಸುಳ್ಳೇ? ಅಲ್ಲ. ಪ್ಯಾಡ್ ಹಚ್ಚಿದ್ದಾಗ ಕೆಲವರಿಗೆ ನೋವು ತಗ್ಗುತ್ತದೆ. ಅಲ್ಲದೆ ಆ ಹತ್ತು ದಿನ ಅವರು ಹೊಲಕ್ಕೆ ಬಗ್ಗಲಿಲ್ಲ ಎಂಬುದನ್ನೂ ಮರೆಯಬಾರದು.

ಸ್ನಾಯು ಗಟ್ಟಿಯಾಗುತ್ತದೆ ಎಂಬ ಮಾತು ಟೆನ್ಸಿಗೆ ಸಲ್ಲುವುದಿಲ್ಲ. ಸ್ನಾಯುವನ್ನು ಸಂಕುಚಿಸುವುದು ಇಎಂಎಸ್ ಎಂಬ ಬೇರೆ ಬಗೆಯ ಪ್ರಚೋದನೆ. ಎರಡೂ ಒಂದೇ ಡಬ್ಬಿಯಲ್ಲಿ ಬರುವುದುಂಟು, ಗೊಂದಲವೂ ಅಲ್ಲಿಂದಲೇ. ಸ್ವತಃ ಎದ್ದು ನಡೆದಾಡುವವರಿಗೆ ಇಎಂಎಸ್ ವ್ಯಾಯಾಮದ ಬದಲಿಯಾಗಲಾರದು.

ನನ್ನ ಅಭಿಪ್ರಾಯ ಕೇಳಿದರೆ, ಯಂತ್ರದ ಹಣವನ್ನು ಫಿಸಿಯೋಥೆರಪಿಸ್ಟರ ಬಳಿ ವ್ಯಾಯಾಮ ಕಲಿಯಲು ಖರ್ಚು ಮಾಡಿ. ಹೊಟ್ಟೆ, ಬೆನ್ನು ಮತ್ತು ಪೃಷ್ಠದ ಸ್ನಾಯುಗಳಿಗೆ ಕೆಲಸ ಕೊಡುವ ವ್ಯಾಯಾಮವನ್ನು ಮನೆಯಲ್ಲಿ ತಿಂಗಳುಗಟ್ಟಲೆ ಮುಂದುವರಿಸಬೇಕು, ದಿನವೂ ನಡೆಯಬೇಕು. ಕೊಯ್ಲಿನಲ್ಲಿ ಒಂದೇ ಸಮನೆ ಬಗ್ಗಿರದೆ ಸಾಲು ಮುಗಿದಾಗಲೆಲ್ಲ ಎದ್ದು ನಿಲ್ಲಬೇಕು, ಹೊರೆಯನ್ನು ಚಿಕ್ಕದಾಗಿ ಕಟ್ಟಬೇಕು. ಸೊಂಟಪಟ್ಟಿಯನ್ನೂ ಅದೇ 2023ರ ಮಾರ್ಗಸೂಚಿ ಬೇಡವೆಂದಿದೆ.

ಇಷ್ಟಾದರೂ ಯಂತ್ರ ಬೇಕೆನಿಸಿದರೆ, ಕೊಳ್ಳುವ ಮೊದಲು ಕ್ಲಿನಿಕ್ಕಿನಲ್ಲಿ ಹಚ್ಚಿಸಿ ನೋಡಿ, ಅದರಿಂದ ನೋವು ತಗ್ಗಿ ವ್ಯಾಯಾಮ ಸುಲಭವಾದರೆ ಮಾತ್ರ ಕೊಳ್ಳಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ವೈದ್ಯರ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಗಾಯವಿರುವ ಅಥವಾ ಸ್ಪರ್ಶ ತಿಳಿಯದ ಚರ್ಮದ ಮೇಲೆ ಪ್ಯಾಡ್ ಅಂಟಿಸಬಾರದು. ತಾಯಿಯವರ ಪಾದ ಜೋಮು ಹಿಡಿಯುವುದರಿಂದ ಅಲ್ಲಿಗಂತೂ ಬೇಡ: ಕರೆಂಟ್ ಹೆಚ್ಚಾದರೂ ತಿಳಿಯದೆ ಚರ್ಮ ಸುಡಬಹುದು, ಸಕ್ಕರೆ ಕಾಯಿಲೆಯಲ್ಲಿ ಪಾದದ ಹುಣ್ಣು ಬೇಗ ಮಾಯುವುದಿಲ್ಲ.