ಅಮ್ಮಮ್ಮನ ಕಾಗದಗಳಿಗೆ ಕತ್ತರಿ ಹಾಕಬೇಡಿ

ಓದುಗರ ಪ್ರಶ್ನೆ – ನಮ್ಮ ಉತ್ತರ

ಮನೆಯಲ್ಲಿ ಉಳಿದಿರುವ ಹಳೆಯ ಪತ್ರ, ಫೋಟೋ, ಪಟ್ಟಿ (ನೋಟ್‌ಬುಕ್) ಗಳಿಂದ ಕೈಯಾರೆ ಏನನ್ನಾದರೂ ಮಾಡಿ ಇಟ್ಟುಕೊಳ್ಳುವ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಕೇಳಿದ್ದೆವು. ಬಂದವುಗಳಲ್ಲಿ ಉತ್ತರ ಕನ್ನಡ ಜಿಲ್ಲೆಯ ನಾಲ್ಕನ್ನು ಈ ಸಲಕ್ಕೆ ಆರಿಸಿಕೊಂಡಿದ್ದೇನೆ. ನಾನೂ ಆ ಜಿಲ್ಲೆಯವಳೇ. ಮಳೆಗಾಲ ಬಂತೆಂದರೆ ಕಪಾಟಿನ ಬಾಗಿಲು ಉಬ್ಬಿ, ದಸರೆಯವರೆಗೂ ಸರಿಯಾಗಿ ಮುಚ್ಚದಂಥ ಮನೆಯಲ್ಲಿ ಬೆಳೆದವಳು. ಆದ್ದರಿಂದ ಉತ್ತರಗಳಲ್ಲಿ ಕಲೆಗಿಂತ ಥಂಡಿಯ ಮಾತೇ ಹೆಚ್ಚಾಗಿ ಕಂಡರೆ ಓದುಗರು ಕ್ಷಮಿಸಬೇಕು.

ಪ್ರಶ್ನೆ: ನಮ್ಮ ಅಮ್ಮಮ್ಮ ತೀರಿಕೊಂಡು ಎರಡು ವರ್ಷವಾಯಿತು. ಅವರು ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಬರೆದ ಮೂವತ್ತಕ್ಕೂ ಹೆಚ್ಚು ಇನ್‌ಲ್ಯಾಂಡ್ ಪತ್ರಗಳೂ ಮದುವೆ ಹಾಡುಗಳನ್ನು ಬರೆದಿಟ್ಟ ಒಂದು ಪಟ್ಟಿಯೂ ಆಯಿಯ ಟ್ರಂಕಿನಲ್ಲಿ ಸಿಕ್ಕಿವೆ. ಬರುವ ವೈಶಾಖದಲ್ಲಿ ತಂಗಿಯ ಮದುವೆ ಇದೆ. ಪತ್ರಗಳಲ್ಲಿರುವ ಚಂದದ ಸಾಲುಗಳನ್ನು ಕತ್ತರಿಸಿ, ಬಣ್ಣದ ಹಾಳೆಗಳಿಗೆ ಅಂಟಿಸಿ, ಸುತ್ತ ಚಿತ್ತಾರ ಬರೆದು ಆಲ್ಬಮ್ ಮಾಡಿ ಕೊಡುವ ಆಸೆ ಇದೆ. ಪೇಟೆಯಲ್ಲಿ ವಿಚಾರಿಸಿದರೆ, ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿದರೆ ನೂರು ವರ್ಷ ಬಾಳುತ್ತದೆ ಎನ್ನುತ್ತಾರೆ. ಯಾವುದು ಸರಿ? – ಓದುಗರು, ಶಿರಸಿ

ಉತ್ತರ: ಎರಡೂ ಬೇಡ. ಕತ್ತರಿಯನ್ನು ಕೈಗೆತ್ತಿಕೊಳ್ಳುವ ಮೊದಲು ಒಂದು ಪತ್ರವನ್ನು ಪೂರ್ತಿ ಬಿಚ್ಚಿ ಮೇಜಿನ ಮೇಲೆ ಹರವಿ ನೋಡಿ. ಜಾಗ ಮುಗಿದ ಮೇಲೆ ಅಂಟಿಸುವ ಮಡಿಕೆಯ ಒಳಬದಿಯಲ್ಲಿ, ಇರುವೆಯಂಥ ಅಕ್ಷರಗಳಲ್ಲಿ, ಅಡ್ಡಡ್ಡವಾಗಿ ಬರೆದ ಒಂದೆರಡು ಸಾಲು ಬಹುತೇಕ ಎಲ್ಲ ಹಳೆಯ ಇನ್‌ಲ್ಯಾಂಡ್ ಪತ್ರಗಳಲ್ಲೂ ಇರುತ್ತದೆ. ನನ್ನಲ್ಲಿರುವ ಒಂದು ಪತ್ರದಲ್ಲಿ ಎರಡು ಪುಟದುದ್ದಕ್ಕೂ ಎಲ್ಲರ ಕ್ಷೇಮ ಕೇಳಿ ಮುಗಿಸಿದ ನನ್ನ ಅಜ್ಜಿ, ಆ ಮಡಿಕೆಯಲ್ಲಿ ‘ಕೆಂಪಿ ಕರು ಹಾಕಿದೆ, ಹೆಣ್ಣು’ ಎಂದು ಬರೆದಿದ್ದಾರೆ. ಚಂದದ ಸಾಲುಗಳನ್ನು ಮಾತ್ರ ಆರಿಸಿ ಕತ್ತರಿಸಿದ್ದರೆ ಆ ಕರು ನಮ್ಮ ಮನೆಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಅಂಚೆ ಮುದ್ರೆಯ ತಾರೀಖು, ಹಿಂಬದಿಯ ವಿಳಾಸ, ಅವಸರಕ್ಕೆ ಹರಿದು ತೆರೆದ ಅಂಚು ಎಲ್ಲವೂ ಆ ಪತ್ರದ ಭಾಗವೇ.

ಇನ್ನು ಲ್ಯಾಮಿನೇಷನ್ನಿನ ವಿಚಾರ. ಕಾವಿನಿಂದ ಕರಗಿದ ಅಂಟು ಕಾಗದದ ನಾರಿನೊಳಕ್ಕೆ ಇಳಿದು ಪ್ಲಾಸ್ಟಿಕ್ಕಿನೊಂದಿಗೆ ಒಂದಾಗಿಬಿಡುತ್ತದೆ, ಮುಂದೆ ಅದನ್ನು ಬಿಡಿಸುವ ದಾರಿಯೇ ಇರುವುದಿಲ್ಲ. ಕಾಗದದೊಳಗೆ ಮೊದಲೇ ಇದ್ದ ಹುಳಿ ಅಂಶವೂ ಪಸೆಯೂ ಒಳಗೇ ಉಳಿದು ತಮ್ಮ ಕೆಲಸ ಮುಂದುವರಿಸುತ್ತವೆ. ಸೆಲ್ಲೋಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರಗಳ ಮೇಲೆ ಕಲೆ ಬಿಡುತ್ತದೆ. ಸ್ಟೇಪ್ಲರ್ ಪಿನ್ನಿನ ತುಕ್ಕಿನ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ.

ಆದ್ದರಿಂದ ಕತ್ತರಿ, ಬಣ್ಣ, ಅಂಟು ಎಲ್ಲವೂ ನಕಲಿನ ಮೇಲೆ ನಡೆಯಲಿ. ಪತ್ರಗಳ ಬಣ್ಣದ ಜೆರಾಕ್ಸ್ ತೆಗೆಸಿ, ಅವನ್ನು ಮನಸ್ಸಿಗೆ ಬಂದಂತೆ ಕತ್ತರಿಸಿ. ಮೂಲ ಪತ್ರಗಳಿಗೆ ಅದೇ ಆಲ್ಬಮ್ಮಿನಲ್ಲಿ ಜೇಬುಗಳನ್ನು ಮಾಡಿ. ಉದ್ದನೆಯ ದಪ್ಪ ಕೈಕಾಗದವನ್ನು ಹಾರ್ಮೋನಿಯಂ ತಿದಿಯ ಹಾಗೆ ಹಿಂದೆಮುಂದೆ ಮಡಚಿ, ಪ್ರತಿ ಮಡಿಕೆಗೂ ಮುಕ್ಕಾಲು ಎತ್ತರದ ಒಂದು ಹಾಳೆಯನ್ನು ಮೂರು ಬದಿ ಅಂಟಿಸಿದರೆ ಜೇಬು ಸಿದ್ಧವಾಗುತ್ತದೆ. ಜೇಬು ಪತ್ರಕ್ಕಿಂತ ಎರಡೂ ಕಡೆ ಒಂದೊಂದು ಬೆರಳಿನಷ್ಟು ಅಗಲವಾಗಿರಲಿ, ಇಲ್ಲದಿದ್ದರೆ ತೆಗೆದು ಹಾಕುವಾಗ ಅಂಚು ಹರಿಯುತ್ತದೆ. ಹತ್ತಿ ಚಿಂದಿಯಿಂದ ತಯಾರಾದ ಕೈಕಾಗದವನ್ನೇ ಕೇಳಿ ಕೊಳ್ಳಿ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶವಿದ್ದು, ಅದೇ ಕಾಗದವನ್ನು ಹಳದಿಗಟ್ಟಿಸಿ ಮುರುಕಲು ಮಾಡುತ್ತದೆ. ಹತ್ತಿಯಲ್ಲಿ ಆ ತೊಂದರೆ ಇಲ್ಲ.

ಅಂಟಿಗೆ ನಿಮ್ಮ ಮನೆಯ ಕೂವೆ (ಆರಾರೂಟ್) ಹಿಟ್ಟೇ ಸಾಕು. ಒಂದು ಚಮಚ ಹಿಟ್ಟನ್ನು ಐದಾರು ಚಮಚ ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಬಂದರೆ, ಹಾಲಿನಂತಿದ್ದದ್ದು ಇದ್ದಕ್ಕಿದ್ದಂತೆ ಗಾಜಿನಂತಾಗುತ್ತದೆ. ಮಗುವಿಗೆ ಮಾಡುವ ಕೂವೆ ಮಣ್ಣಿಗಿಂತ ತುಸು ಗಟ್ಟಿಯಾದಾಗ ಇಳಿಸಿ, ಆರಿಸಿ, ತೆಳ್ಳಗೆ ಹಚ್ಚಿ. ಮೈದಾದಲ್ಲಿರುವ ಜಿಗುಟು ಕೂವೆಯಲ್ಲಿ ಇಲ್ಲವಾದ್ದರಿಂದ ಗಂಟಾಗುವುದಿಲ್ಲ, ಬೇಕೆಂದಾಗ ನೀರಿನ ಪಸೆಯಿಂದ ಬಿಡಿಸಲೂ ಬರುತ್ತದೆ. ಹಳೆಯ ಬೈಂಡಿಂಗಿನವರು ಹುಳು ಬಾರದಿರಲೆಂದು ಅಂಟಿಗೆ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಿದ್ದರು, ಮತ್ತು ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವ ನಿಮ್ಮ ಊರಿನಲ್ಲಿ ಮೈಲುತುತ್ತವಿಲ್ಲದ ಮನೆ ಇರುವುದು ಕಡಿಮೆ. ಆದರೂ ಅದನ್ನು ಇದಕ್ಕೆ ತರಬೇಡಿ. ಅದು ವಿಷ, ಆಲ್ಬಮ್ಮನ್ನು ಮಕ್ಕಳು ಮುಟ್ಟುತ್ತಾರೆ, ಮೇಲಾಗಿ ತಾಮ್ರದ ಅಂಶ ಕಾಲಕ್ರಮೇಣ ಕಾಗದದ ನಾರನ್ನೇ ಕೆಡಿಸುತ್ತದೆ. ಹಿಟ್ಟಿನ ಅಂಟಿಗೆ ಹುಳು ಬರುವುದು ನಿಜ. ಅದಕ್ಕೆ ಪೆಟ್ಟಿಗೆಯಲ್ಲಿ ತೆಳುಬಟ್ಟೆಯಲ್ಲಿ ಕಟ್ಟಿದ ಬಜೆಯ ತುಂಡನ್ನು ಇಡುವುದು, ತಾಡವೋಲೆಗಳ ಕಾಲದಿಂದ ಬಂದ ರೂಢಿ.

ಹಾಡಿನ ಪಟ್ಟಿಯ ಬಗ್ಗೆ ನನ್ನದೊಂದು ಸಲಹೆ ಇದೆ. ಅದನ್ನು ಜೆರಾಕ್ಸ್ ಮಾಡಿಸಿ ಕೊಡುವ ಬದಲು, ಮನೆಯ ಹೆಂಗಸರೆಲ್ಲ, ಅಂದರೆ ಆಯಿ, ಚಿಕ್ಕಮ್ಮಂದಿರು, ಅತ್ತಿಗೆಯಂದಿರು, ಒಬ್ಬೊಬ್ಬರೂ ಒಂದೊಂದು ಹಾಡನ್ನು ತಮ್ಮ ಕೈಯಿಂದ ಒಂದೊಂದು ಹಾಳೆಯಲ್ಲಿ ಬರೆಯಲಿ. ಒಬ್ಬರು ‘ಹಸೆಗೆ ಕರೆವ ಹಾಡು’ ಬರೆಯುವಾಗ ಮತ್ತೊಬ್ಬರು ಕೂಗಿ, ಅಮ್ಮಮ್ಮ ಆ ನುಡಿಯನ್ನು ಹಾಗೆ ಹೇಳುತ್ತಲೇ ಇರಲಿಲ್ಲ ಎಂದು ಜಗಳಕ್ಕೆ ಬರುತ್ತಾರೆ. ಬರಲಿ, ಆ ಪಾಠಾಂತರವನ್ನೂ ಬದಿಯಲ್ಲಿ ಬರೆದಿಡಿ. ಹಾಳೆಗಳನ್ನು ನಡುವೆ ಮಡಚಿ ಒಂದರೊಳಗೊಂದು ಸೇರಿಸಿ, ಮಡಿಕೆಯ ಗೆರೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ. ದಾರ ಒಳಗಡೆಯಿಂದ ನಡುವಿನ ತೂತಿನ ಮೂಲಕ ಹೊರಗೆ ಬಂದು, ಮೇಲಿನದರಿಂದ ಒಳಹೋಗಿ, ನಡುವಿನದನ್ನು ದಾಟಿ ಕೆಳಗಿನದರಿಂದ ಹೊರಬಂದು, ಮತ್ತೆ ನಡುವಿನದರಿಂದ ಒಳಸೇರಬೇಕು. ಎರಡೂ ತುದಿಗಳನ್ನು ಅಲ್ಲೇ, ಉದ್ದ ಹೊಲಿಗೆಯನ್ನು ನಡುವೆ ಹಿಡಿದು, ಗಂಟು ಹಾಕಿದರೆ ಪುಸ್ತಕ ಮುಗಿಯಿತು. ಕೊನೆಯಲ್ಲಿ ನಾಲ್ಕಾರು ಪುಟ ಖಾಲಿ ಬಿಡಿ, ತಂಗಿಯ ಅತ್ತೆಮನೆಯವರ ಹಾಡುಗಳಿಗೂ ಜಾಗ ಬೇಕಷ್ಟೆ.

ಚಿತ್ತಾರ ಬರೆಯುವ ಆಸೆ ಒಳ್ಳೆಯದು. ಶಿರಸಿ, ಸಿದ್ದಾಪುರ, ಸಾಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನಲ್ಲಿ ಎಳೆಯುವ ಹಸೆ ಚಿತ್ತಾರಕ್ಕಿಂತ ಒಪ್ಪುವ ಅಂಚು ಮದುವೆಯ ಆಲ್ಬಮ್ಮಿಗೆ ಬೇರೆ ಸಿಗಲಾರದು. ಆದರೆ ಕಾಗದದ ಮೇಲೆ ಅಕ್ಕಿ ಹಿಟ್ಟು ಹುಳುಗಳಿಗೆ ಔತಣವಾಗುತ್ತದೆ, ಆದ್ದರಿಂದ ಬಿಳಿ ಪೋಸ್ಟರ್ ಬಣ್ಣವನ್ನು ಬಳಸಿ.

ಕೆಲಸ ಶುರುಮಾಡುವುದು ಮಳೆ ಪೂರ್ತಿ ಬಿಟ್ಟ ಮೇಲೆ. ಗಾಳಿಯಲ್ಲಿ ತೇವ ಶೇಕಡಾ 65–70 ದಾಟಿದರೆ ಬೂಸು ಹಿಡಿಯಲು ಅಷ್ಟು ಸಾಕು, ಆಷಾಢದಲ್ಲಿ ನಮ್ಮ ಕಡೆ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಈಗಾಗಲೇ ಬೂಸು ಹಿಡಿದ ಪತ್ರಗಳನ್ನು ಹಪ್ಪಳದ ಹಾಗೆ ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಒಣ ಬ್ರಷ್ಷಿನಿಂದ ಅಂಗಳದಲ್ಲಿ ಕೊಡವಿ. ಆಮೇಲೆ ಪೆಟ್ಟಿಗೆಯನ್ನು ಬಚ್ಚಲಿನ ಗೋಡೆಗೆ ತಾಗಿಸದೆ ಇಡಿ.

ಪ್ರಶ್ನೆ: ನೌಕಾನೆಲೆಗೆ ಜಾಗ ಹೋದಾಗ ನಮ್ಮ ಮನೆಯೂ ಹೋಯಿತು. ನಾನಾಗ ಚಿಕ್ಕವನು. ಅಪ್ಪನಿಗೆ ಈಗ ಎಂಬತ್ತು ದಾಟಿದೆ, ಮಾತಿಗೊಮ್ಮೆ ಆ ಮನೆಯೇ ಬರುತ್ತದೆ. ರಟ್ಟಿನಲ್ಲಿ ಆ ಮನೆಯ ಮಾದರಿ ಮಾಡಿ ಕೊಡೋಣವೆಂದರೆ, ಅಂಗಳದಲ್ಲಿ ತೆಗೆದ ಒಂದು ಫೋಟೋ ಬಿಟ್ಟರೆ ಬೇರೇನೂ ಇಲ್ಲ. ಅದರಲ್ಲಿಯೂ ಮನೆಗಿಂತ ನೆಂಟರೇ ಹೆಚ್ಚು ಕಾಣುತ್ತಾರೆ. ಅಳತೆ ಎಲ್ಲಿಂದ ತರಲಿ? – ಓದುಗರು, ಕಾರವಾರ

ಉತ್ತರ: ಅಳತೆ ನಿಮ್ಮ ತಂದೆಯವರ ಕಾಲಿನಲ್ಲಿದೆ. ಈಗಿನ ಮನೆಯ ಅಂಗಳಕ್ಕೋ ತಾರಸಿಗೋ ಅವರನ್ನು ಕರೆದುಕೊಂಡು ಹೋಗಿ, ಜಗಲಿಯಿಂದ ದೇವರ ಕೋಣೆಗೆ ಎಷ್ಟು ಹೆಜ್ಜೆ ಇತ್ತು, ಅಡುಗೆ ಮನೆಯಿಂದ ಬಾವಿಗೆ ಎಷ್ಟು ಇತ್ತು ಎಂದು ನಡೆದು ತೋರಿಸುವಂತೆ ಕೇಳಿ. ಬಾಯಲ್ಲಿ ಹೇಳಿ ಎಂದರೆ ‘ದೊಡ್ಡ ಮನೆ’ ಎನ್ನುವುದರಾಚೆ ಹೋಗದವರು, ನಡೆಯಲು ಶುರುಮಾಡಿದರೆ ಹೊಸ್ತಿಲು ಬಂದಲ್ಲಿ ತಾವಾಗಿ ಕಾಲೆತ್ತುತ್ತಾರೆ. ನೀವು ಹಿಂದೆ ಹಿಂದೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ ಬನ್ನಿ. ಬಾಗಿಲಿನ ಎತ್ತರಕ್ಕೆ ಆ ಫೋಟೋದ ನೆಂಟರೇ ಸಾಕ್ಷಿ. ಬಾಗಿಲ ಹತ್ತಿರ ನಿಂತವರೊಬ್ಬರ ಎತ್ತರ ಗೊತ್ತಿದ್ದರೆ ಉಳಿದದ್ದು ಸಾದಾ ಲೆಕ್ಕ.

ಒಂದು ಅಡಿಗೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ, 36 ಅಡಿ ಉದ್ದದ ಮನೆ 36 ಸೆಂಟಿಮೀಟರ್ ಆಗಿ ಮೇಜಿನ ಮೇಲೆ ಕೂರುತ್ತದೆ. ಗೋಡೆಗೆ ದಪ್ಪ ರಟ್ಟು ಸಾಕು, ಮಡಚುವಲ್ಲಿ ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆದರೆ ಮಡಿಕೆ ನೇರವಾಗಿ ಬರುತ್ತದೆ. ಹಂಚಿನ ಮಾಡಿಗೆ ಪಾರ್ಸೆಲ್ ಡಬ್ಬಿಯ ರಟ್ಟನ್ನು ತುಸು ಒದ್ದೆ ಮಾಡಿ ಮೇಲಿನ ಪದರವನ್ನು ಸುಲಿದರೆ ಒಳಗಿನ ಏಣುಗಳು ಹಂಚಿನ ಸಾಲಿನಂತೆಯೇ ಕಾಣುತ್ತವೆ. ಗೋಡೆಗೆ ಅಂಗಡಿಯ ಬಣ್ಣಕ್ಕಿಂತ, ಕರಾವಳಿಯ ದೇವಸ್ಥಾನಗಳ ಕಾವಿ ಚಿತ್ರಗಳಿಗೆ ಬಳಸುವ ಕೆಂಪು ಕಾವಿಯನ್ನು ನೀರಿನಲ್ಲಿ ಕಲಸಿ ಬಳಿದು ನೋಡಿ, ಚಿರೆಕಲ್ಲಿನ ಬಣ್ಣ ಬರುತ್ತದೆ. ಇಲ್ಲಿ ಮೂಲ ಪತ್ರಗಳೇನೂ ಇಲ್ಲದಿರುವುದರಿಂದ ಫೆವಿಕಾಲ್ ಧಾರಾಳವಾಗಿ ಬಳಸಬಹುದು.

ಮಾಡನ್ನು ಮಾತ್ರ ಅಂಟಿಸಬೇಡಿ, ಮುಚ್ಚಳದ ಹಾಗೆ ಎತ್ತಿಡುವಂತಿರಲಿ. ಒಳಗೆ ನೆಲದ ಮೇಲೆ ಯಾರು ಎಲ್ಲಿ ಮಲಗುತ್ತಿದ್ದರು, ಬಾಣಂತಿ ಕೋಣೆ ಯಾವುದು, ಮೀನುಬಲೆಯೋ ಭತ್ತದ ಚೀಲವೋ ಎಲ್ಲಿ ಇರುತ್ತಿತ್ತು ಎಂಬುದನ್ನು ಪೆನ್ಸಿಲಿನಿಂದ ಬರೆಯಿಸಿ, ಸಾಧ್ಯವಾದರೆ ನಿಮ್ಮ ತಂದೆಯವರ ಅಕ್ಷರದಲ್ಲಿಯೇ. ಹೊನ್ನಾವರದ ಕಡೆಯ ನನ್ನ ಅಜ್ಜನ ಮನೆಯ ಮಾದರಿಯನ್ನು ನಾನು ಎರಡು ತಿಂಗಳು ಕೂತು ಮಾಡಿ, ಬಹಳ ಹೆಮ್ಮೆಯಿಂದ ದೊಡ್ಡಪ್ಪನ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿಕೊಂಡು ಸುಮಾರು ಹೊತ್ತು ನೋಡಿ, ‘ತುಳಸಿಕಟ್ಟೆ ಆ ಬದಿಗೆ ಇರಲಿಲ್ಲ’ ಎಂದು ಬೆರಳಿನಿಂದ ಅದನ್ನು ಕಿತ್ತು ಈಚೆ ಬದಿಗೆ ಇಟ್ಟರು. ಆ ಸಂಜೆಯೆಲ್ಲ ಅವರು ಆ ಮನೆಯ ಬಗ್ಗೆಯೇ ಮಾತನಾಡಿದರು. ಆದ್ದರಿಂದ ನೀವೂ ಪೂರ್ತಿ ಮುಗಿಸಿ ಕೊಡುವುದಕ್ಕಿಂತ, ಬಾವಿಕಟ್ಟೆ, ಕೊಟ್ಟಿಗೆ, ತೆಂಗಿನ ಮರಗಳನ್ನು ಬಿಡಿಯಾಗಿ ಮಾಡಿ, ಇಡುವ ಕೆಲಸವನ್ನು ಅವರಿಗೇ ಬಿಡುವುದು ಮೇಲು.

ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆಯೇ ಮುಳುಗಿ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋದ ಜಿಲ್ಲೆ ನಮ್ಮದು. ಇಂಥ ಮಾದರಿ ಬೇಕಾದ ಮನೆಗಳು ಇನ್ನೂ ಹಲವಿರಬೇಕು, ಅವರೂ ಇದನ್ನು ಓದಲಿ.

ಪ್ರಶ್ನೆ: ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ರಾಶಿ ಬಿದ್ದಿವೆ. ದೇವರ ಚಿತ್ರವಿರುವುದರಿಂದ ಒಲೆಗೆ ಹಾಕಲು ಮನಸ್ಸು ಬರುವುದಿಲ್ಲ. ಮಕ್ಕಳೊಂದಿಗೆ ಸೇರಿ ದೀಪಾವಳಿಯ ಆಕಾಶಬುಟ್ಟಿ ಮಾಡಬಹುದೇ? – ಓದುಗರು, ಕುಮಟಾ

ಉತ್ತರ: ಖಂಡಿತ ಮಾಡಬಹುದು. ಸ್ವಂತ ಮನೆಯ ಮದುವೆಗಳ ಒಂದೊಂದು ಪ್ರತಿಯನ್ನು ತೆಗೆದಿಟ್ಟು ಉಳಿದದ್ದನ್ನು ಬಳಸಿ. ದಪ್ಪ ಪತ್ರಿಕೆಯಿಂದ ಬೆಳಕು ಹಾಯುವುದಿಲ್ಲವಾದ್ದರಿಂದ ಅದನ್ನು ಪಟ್ಟಿಗಳಾಗಿ ಕತ್ತರಿಸಿ ಅಂಚಿಗೂ ಬಾಲಂಗೋಚಿಗೂ ಇಟ್ಟುಕೊಂಡು, ಬಿದಿರು ಕಡ್ಡಿಯ ಚೌಕಟ್ಟಿನ ಮೈಗೆ ತೆಳುವಾದ ಬಟರ್ ಪೇಪರ್ ಹಚ್ಚಿ. ಆ ಬಟರ್ ಪೇಪರನ್ನು ಅಜ್ಜನದೋ ಅಜ್ಜಿಯದೋ ಕೈಬರಹದ ಮೇಲಿಟ್ಟು, ಕೆಳಗೆ ಕಾಣುವ ಅಕ್ಷರಗಳನ್ನು ಮಕ್ಕಳು ಕಪ್ಪು ಸ್ಕೆಚ್ ಪೆನ್ನಿನಿಂದ ತಿದ್ದಲಿ. ಮೂಲದ ಮೇಲೆ ಶಾಯಿ ಇಳಿಯದಂತೆ ಇದಕ್ಕೂ ಜೆರಾಕ್ಸ್ ಪ್ರತಿಯೇ ಇರಲಿ. ಹಗಲಿನಲ್ಲಿ ಅಷ್ಟಾಗಿ ಕಾಣದ ಬರಹ ರಾತ್ರಿ ಒಳಗಿನ ಎಲ್‌ಇಡಿ ಬಲ್ಬು ಹೊತ್ತಿದಾಗ ಎದ್ದು ಕಾಣುತ್ತದೆ, ಒಮ್ಮೆ ತಿದ್ದಿದ ಅಜ್ಜನ ‘ಕ್ಷ’ ಮಕ್ಕಳ ಕೈಗೆ ಅಂಟಿಕೊಂಡರೂ ಆಶ್ಚರ್ಯವಿಲ್ಲ. ಎಣ್ಣೆದೀಪ ಮಾತ್ರ ಬೇಡ.

ಪ್ರಶ್ನೆ: ನಮ್ಮ ತಂದೆಯವರು ಯಕ್ಷಗಾನದ ಆಟಗಳ ಕರಪತ್ರಗಳನ್ನು ಐವತ್ತು ವರ್ಷಗಳಿಂದ ಕೂಡಿಟ್ಟಿದ್ದಾರೆ. ಮುಟ್ಟಿದರೆ ಮಡಿಕೆಯಲ್ಲಿ ಮುರಿಯುತ್ತವೆ. ಗೋಡೆಗೆ ದೊಡ್ಡ ಕೊಲಾಜ್ ಮಾಡಿ ಹಾಕೋಣವೇ? – ಓದುಗರು, ಹೊನ್ನಾವರ

ಉತ್ತರ: ಗೋಡೆಗೆ ಹಾಕುವುದಾದರೆ ಮೇಲೆ ಹೇಳಿದಂತೆ ನಕಲನ್ನೇ ಹಾಕಿ. ಅಗ್ಗದ ಬಣ್ಣದ ಕಾಗದದ ಮೇಲೆ ಅಚ್ಚಾದ ಕರಪತ್ರ ಒಂದು ರಾತ್ರಿಯ ಆಟಕ್ಕೆಂದು ಹುಟ್ಟಿದ್ದು, ಐವತ್ತು ವರ್ಷ ಬಾಳಿರುವುದೇ ದೊಡ್ಡದು. ಮೂಲಗಳನ್ನು ಬಿಡಿಸಿ, ಮತ್ತೆ ಮಡಚದೆ, ಒಂದೊಂದನ್ನೂ ಎರಡು ಬಿಳಿ ಕೈಕಾಗದದ ನಡುವೆ ಇಟ್ಟು, ಚಪ್ಪಟೆಯಾದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ. ಯಾವ ಗದ್ದೆಯಲ್ಲಿ ಆಟವಾಯಿತು, ಯಾರ ಜೊತೆ ನಡೆದುಕೊಂಡು ಹೋದರು, ಬೆಳಗಿನ ಜಾವ ಎಲ್ಲಿ ಚಹಾ ಕುಡಿದರು ಎಂಬುದನ್ನು ತಂದೆಯವರನ್ನು ಕೇಳಿ, ಬೇರೆ ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಆಯಾ ಕರಪತ್ರದ ಜೊತೆಗಿಡಿ. ದಿನಕ್ಕೆ ಎರಡು ಕರಪತ್ರಕ್ಕಿಂತ ಹೆಚ್ಚು ಕೇಳಬೇಡಿ, ಅವರು ಪ್ರಸಂಗವನ್ನೇ ಹೇಳಲು ಶುರುಮಾಡುತ್ತಾರೆ.